ಹಳೆಯ ಲೆನ್ಸ್‌ಗಳಿಗೆ ಹೊಂದುವ ಬಾಡಿ: ನಿಕಾನ್ ಎಫ್‌ಇ

ಕೈಯಲ್ಲಿ ನಿಕಾನ್ ಲೆನ್ಸ್‌ಗಳಿದ್ದು, ಅವುಗಳಿಗಾಗಿ ಸೆಕೆಂಡ್‌ಹ್ಯಾಂಡ್ ಫಿಲಂ ಎಸ್‌ಎಲ್‌ಆರ್ ಬಾಡಿಯೊಂದನ್ನು (ಲೆನ್ಸ್ ಬದಲಿಸಬಹುದಾದ ಕ್ಯಾಮೆರಾದ ಲೆನ್ಸ್ ಹೊರತಾದ ಭಾಗ) ಕೊಳ್ಳಬೇಕೆನ್ನುವವರು ಮೊದಲು ಪರೀಕ್ಷಿಸಬೇಕಾದದ್ದು ಬಾಡಿಯನ್ನಲ್ಲ, ಲೆನ್ಸ್‌ಗಳ ಹಿಂಬದಿಯನ್ನು. ಲೆನ್ಸನ್ನು ಬಾಡಿಗೆ ಜೋಡಿಸುವ ನಿಕಾನ್‌ನ ಎಫ್ ಮೌಂಟ್ 1959ರಿಂದಲೂ ಒಂದೇ ಎಂಬ ಮಾತು ನಿಜವಾದರೂ, ಯಾವ ಅಪರ್ಚರ್ (ಬೆಳಕು ಒಳಬರುವ ರಂಧ್ರದ ಅಳತೆ) ಇಡಲಾಗಿದೆ ಎಂಬುದನ್ನು ಲೆನ್ಸ್ ಬೆಳಕಳೆಯುವ ಮೀಟರಿಗೆ ತಿಳಿಸುವ ಕ್ರಮ 1977ರಲ್ಲಿ, ಎಐ (ಆಟೊಮ್ಯಾಟಿಕ್ ಇಂಡೆಕ್ಸಿಂಗ್) ಲೆನ್ಸ್‌ಗಳು ಬಂದಾಗ ಬದಲಾಯಿತು. ಎಐ ಲೆನ್ಸ್‌ನ ಅಪರ್ಚರ್ ರಿಂಗ್‌ನ ಹಿಂದಿನ ಅಂಚಿನಲ್ಲಿ ಒಂದು ಭಾಗವನ್ನು ತಗ್ಗಿಸಲಾಗಿರುತ್ತದೆ. ಅದಕ್ಕೂ ಹಿಂದಿನ ಲೆನ್ಸ್‌ಗಳಲ್ಲಿ ಆ ಅಂಚು ಸುತ್ತಲೂ ಒಂದೇ ಎತ್ತರಕ್ಕಿದ್ದು, ಎಷ್ಟೋ ಬಾಡಿಗಳ ಮೌಂಟ್ ಪಕ್ಕದಲ್ಲಿದ್ದು ಎಐ ಲೆನ್ಸ್‌ನ ಆ ತಗ್ಗಿಗೆ ತಾಗಿ ಅಪರ್ಚರನ್ನು ಅರಿಯುವ ಸಣ್ಣ ಕೊಂಡಿಗೆ ತಾಗಿ ಅದನ್ನು ಮುರಿಯುವ ಅಪಾಯವಿದೆ.

1978ರಲ್ಲಿ ಬಂದ ಎಫ್‌ಇ ನನಗೆ ಅಚ್ಚುಮೆಚ್ಚಾಗಿರುವುದು ಈ ಕಾರಣಕ್ಕೆ. ಅದರ ಕೊಂಡಿಯನ್ನು ಮೇಲಕ್ಕೆ ಮಡಚಬಹುದು. ಆಗ ಎಐಗೂ ಹಿಂದಿನ ಹೆಚ್ಚಿನ ಲೆನ್ಸ್‌ಗಳು ನಿರಾತಂಕವಾಗಿ ಕೂರುತ್ತವೆ. ಆ ಲೆನ್ಸ್‌ಗಳೊಂದಿಗೆ ಬೆಳಕನ್ನು ಅಳೆಯಲು ಅಪರ್ಚರನ್ನು ನಾವು ಇಟ್ಟ ಅಳತೆಗೆ ಇಳಿಸುವ ಡೆಪ್ತ್ ಆಫ್ ಫೀಲ್ಡ್ ಲಿವರನ್ನು ಒತ್ತಿ ಹಿಡಿಯಬೇಕು. ವ್ಯೂಫೈಂಡರ್ ಮಸುಕಾಗುವುದರಿಂದ ಕೆಲಸ ನಿಧಾನವಾಗುತ್ತದೆ, ಆದರೆ ಅಳತೆ ಸರಿಯಾಗಿಯೇ ಸಿಗುತ್ತದೆ. ಹೆಚ್ಚಿನವರು ಅರಸುವ, ನಿಕಾನ್‌ನದೇ ಇನ್ನೊಂದು ಬಾಡಿಯಾದ ಎಫ್‌ಎಂ2ರ ಶಟರ್ ಬ್ಯಾಟರಿಯಿಲ್ಲದೆಯೂ 1/4000 ಸೆಕೆಂಡಿನವರೆಗೆ ಓಡುತ್ತದೆ. ಅದು ನಿಸ್ಸಂದೇಹವಾಗಿ ಒಳ್ಳೆಯ ಯಂತ್ರ. ಆದರೆ ಅದರ ಕೊಂಡಿ ಮಡಚುವುದಿಲ್ಲ. ಹಳೆಯ ಮತ್ತು ಹೊಸ ಲೆನ್ಸ್‌ಗಳೆರಡನ್ನೂ ಇಟ್ಟುಕೊಂಡವರಿಗೆ ಎಫ್‌ಇಯ 1/1000 ಸೆಕೆಂಡಿನ ಮಿತಿ ಅಷ್ಟೇನೂ ದೊಡ್ಡ ಕೊರತೆಯಲ್ಲ ಎಂಬುದು ನನ್ನ ಅಭಿಪ್ರಾಯ.

ಎಫ್‌ಇಯ ವ್ಯೂಫೈಂಡರನ್ನು ವಿಶೇಷವಾಗಿ ಹೊಗಳಬೇಕು. ಎಡಬದಿಯಲ್ಲಿ ಶಟರ್ ವೇಗಗಳ ಪಟ್ಟಿಯಿದ್ದು, ನಾವು ಇಟ್ಟಿರುವ ವೇಗವನ್ನು ಹಸಿರು ಮುಳ್ಳೂ ಮೀಟರ್ ಸೂಚಿಸುವ ವೇಗವನ್ನು ತೆಳುವಾದ ಕಪ್ಪು ಮುಳ್ಳೂ ತೋರಿಸುತ್ತವೆ. ಎರಡರ ನಡುವಿನ ಅಂತರ ಕಣ್ಣಿಗೆ ನೇರವಾಗಿ ಕಾಣುವುದರಿಂದ, ಉದ್ದೇಶಪೂರ್ವಕವಾಗಿ ಒಂದು ಸ್ಟಾಪ್ (ಬೆಳಕಿನ ದುಪ್ಪಟ್ಟು ಅಥವಾ ಅರ್ಧ) ಹೆಚ್ಚೋ ಕಡಿಮೆಯೋ ಮಾಡುವಾಗ ಎಣಿಸುವ ಅಗತ್ಯವೇ ಬೀಳುವುದಿಲ್ಲ. ಎಫ್‌ಎಂ2ರ ವ್ಯೂಫೈಂಡರಿನ ಕೆಂಪು ದೀಪಗಳಿಂದ ಈ ಅನುಕೂಲ ಸಿಗದು. ಶಟರ್ ವೇಗವನ್ನು ಬಾಡಿಯೇ ಆರಿಸುವ ಆಟೋದಲ್ಲಿಟ್ಟರೆ ಕಪ್ಪು ಮುಳ್ಳಿನ ಮೇಲಷ್ಟೇ ಕಣ್ಣಿಟ್ಟರೆ ಸಾಕು.

ಅಪರ್ಚರ್ ರಿಂಗ್ ಇಲ್ಲದ ಜಿ ಲೆನ್ಸ್‌ಗಳಿರುವವರಿಗೆ ಎಫ್‌ಇ ಸೂಕ್ತವಲ್ಲ. ಅದರಲ್ಲಿ ಅಂಥ ಲೆನ್ಸ್ ಅತಿ ಚಿಕ್ಕ ಅಪರ್ಚರ್‌ನಲ್ಲೇ ಉಳಿದುಬಿಡುತ್ತದೆ. ಅವರು ನಿಕಾನ್‌ನ ನಂತರದ ಬಾಡಿಗಳಾದ ಎಫ್100 ಅಥವಾ ಎಫ್80 ನೋಡಲಿ. ಎಫ್80ರಲ್ಲಿ ಮ್ಯಾನ್ಯುಯಲ್ ಎಐ ಲೆನ್ಸ್ ಹಾಕಿದರೆ ಮೀಟರ್ ಕೆಲಸ ಮಾಡುವುದಿಲ್ಲ, ಎಫ್100ರಲ್ಲಿ ಮಾಡುತ್ತದೆ. ಎರಡೂ ಬಗೆಯ ಲೆನ್ಸ್‌ಗಳಿದ್ದರೆ ಈ ವ್ಯತ್ಯಾಸವೇ ಆಯ್ಕೆಯನ್ನು ನಿರ್ಧರಿಸಬೇಕು.

ಬಳಸಿದ ಎಫ್‌ಇಯನ್ನು ಕೊಳ್ಳುವಾಗ ಹಿಂಬಾಗಿಲು ತೆರೆದು ಅಂಚಿನಲ್ಲಿ ಬೆಳಕು ತಡೆಯುವ ಸ್ಪಂಜನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಅದು ಡಾಂಬರಿನಂತೆ ಅಂಟಿಕೊಂಡರೆ ಬದಲಿಸಬೇಕೆಂದು ತಿಳಿಯಿರಿ. ಇದು ಬೆಲೆ ಇಳಿಸಲು ಕಾರಣವೇ ಹೊರತು ಬಾಡಿಯನ್ನು ತಿರಸ್ಕರಿಸಲು ಕಾರಣವಲ್ಲ. ಬ್ಯಾಟರಿ ಕೋಣೆಯಲ್ಲಿ ಹಸಿರು ಕಿಲುಬಿದ್ದರೆ ಮಾತ್ರ ಹಿಂಜರಿಯುವುದೇ ಲೇಸು. ಈ ಬಾಡಿಯ ಶಟರ್ ವಿದ್ಯುತ್ತನ್ನೇ ನಂಬಿದ್ದು, ಬ್ಯಾಟರಿ ಇಲ್ಲದಾಗ 1/90 ಸೆಕೆಂಡಿನ ಎಂ90 ಮತ್ತು ಬಿ (ಒತ್ತಿ ಹಿಡಿದಷ್ಟು ಹೊತ್ತು ಶಟರ್ ತೆರೆದಿರುವುದು) ಮಾತ್ರ ನಡೆಯುತ್ತವೆ. ಮೊದಲು ಬ್ಯಾಟರಿಯಿಲ್ಲದೆ ಎಂ90ರಲ್ಲಿ ಶಟರ್ ಒತ್ತಿ, ನಂತರ ಎರಡು ಎಲ್‌ಆರ್44 ಹಾಕಿ 1 ಸೆಕೆಂಡಿನ ವೇಗವನ್ನು ಕಿವಿಗೊಟ್ಟು ಕೇಳಿ. ಕೊನೆಯದಾಗಿ, ನಿಮ್ಮದೇ ಎಐ ಲೆನ್ಸನ್ನು ಜೋಡಿಸಿ, ಅಪರ್ಚರ್ ರಿಂಗ್ ಒಂದೊಂದೇ ಸ್ಟಾಪ್ ತಿರುಗಿದಂತೆಲ್ಲ ಕಪ್ಪು ಮುಳ್ಳು ಎಲ್ಲಿಯೂ ತಡೆಯದೆ ಜೊತೆಗೇ ಸರಿಯುತ್ತದೆಯೇ ಎಂದು ನೋಡಿ. ಸರಿಯದಿದ್ದರೆ ಆ ಬಾಡಿಯನ್ನು ಬಿಟ್ಟು ಇನ್ನೊಂದನ್ನು ಹುಡುಕಿ.