ಸಂಭಾಷಣೆಯ ಒಳದನಿ ಕಲಿಸುವ ಕಾರ್ಯಾಗಾರ: ಶುಲ್ಕಕ್ಕೆ ತಕ್ಕ ಪಾಠ ಸಿಕ್ಕಿತೇ?

ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವುದು ನನ್ನ ಕಸುಬು. ನಮ್ಮಲ್ಲಿ ಪಾತ್ರಗಳು ಮನಸ್ಸಿನಲ್ಲಿರುವುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಅಡುಗೆಮನೆಯಿಂದ ಕಿವಿಯಷ್ಟನ್ನೇ ಟಿ.ವಿ.ಯ ಕಡೆ ಕೊಟ್ಟವರಿಗೂ ಕಥೆ ತಿಳಿಯಬೇಕು. ಈಗ ಸಿನಿಮಾಕ್ಕೆ ಚಿತ್ರಕಥೆ ಬರೆಯಲು ಕುಳಿತಿದ್ದೇನೆ. ಅಲ್ಲಿ ಈ ರೂಢಿ ನಡೆಯುವುದಿಲ್ಲ. ಹಾಗಾಗಿ ಬೆಂಗಳೂರಿನಲ್ಲಿ ಶನಿವಾರ, ಭಾನುವಾರ ನಡೆದ ಸಂಭಾಷಣಾ ಕಾರ್ಯಾಗಾರಕ್ಕೆ 4,000 ರೂಪಾಯಿ ಕಟ್ಟಿ ಸೇರಿದೆ. ಒಳದನಿ, ಅಂದರೆ ಪಾತ್ರ ಬಾಯಿಬಿಟ್ಟು ಹೇಳದೆ ಮಾತಿನ ಹಿಂದೆ ಉಳಿಸುವ ಅರ್ಥ, ಸಿನಿಮಾದವರು ಸಬ್‌ಟೆಕ್ಸ್ಟ್ ಎನ್ನುವುದಷ್ಟೇ ಅಲ್ಲಿನ ವಿಷಯ.

ಪಾಠ ಶುರುವಾದದ್ದು ಸಿನಿಮಾದಿಂದಲ್ಲ, 1904ರಲ್ಲಿ ಮಾಸ್ಕೋದಲ್ಲಿ ರಂಗಕ್ಕೆ ಬಂದ ಚೆಕಾಫ್‌ನ ‘ಚೆರ್ರಿ ತೋಪು’ ನಾಟಕದ ಕೊನೆಯ ಅಂಕದಿಂದ. ವಾರ್ಯಾಳನ್ನು ಮದುವೆಯಾಗುವಂತೆ ಈಗಲೇ ಕೇಳುತ್ತೇನೆಂದು ಲೊಪಾಖಿನ್ ಒಪ್ಪಿಕೊಂಡಿದ್ದಾನೆ. ಮನೆಯವರು ಇಬ್ಬರನ್ನೇ ಬಿಟ್ಟು ಸರಿದಿದ್ದಾರೆ. ಅವಳು ಸಾಮಾನುಗಳ ನಡುವೆ ಏನನ್ನೋ ಹುಡುಕುತ್ತಾಳೆ. ಅವನು ಚಳಿಯ ಮಾತೆತ್ತಿ, ಸೊನ್ನೆಗಿಂತ ಮೂರು ಡಿಗ್ರಿ ಕೆಳಗಿರಬೇಕು ಎನ್ನುತ್ತಾನೆ. ನಮ್ಮ ಉಷ್ಣಮಾಪಕ ಒಡೆದಿದೆ ಎನ್ನುತ್ತಾಳೆ ಅವಳು. ಹೊರಗಿನಿಂದ ಯಾರೋ ಕರೆದದ್ದೇ ತಡ, ಅವನು ಹೊರಟುಬಿಡುತ್ತಾನೆ. ಅವಳು ನೆಲದ ಮೇಲೆ ಕುಳಿತು ಗಂಟಿಗೆ ತಲೆಯಾನಿಸಿ ಅಳುತ್ತಾಳೆ. ಯಾರಿಗೆ ಏನು ಬೇಕೆಂಬುದು ನೋಡುವವರಿಗೆ ಮೊದಲೇ ಗೊತ್ತಿದೆ, ಅದಕ್ಕೇ ಉಷ್ಣಮಾಪಕದ ಮಾತು ಚುಚ್ಚುತ್ತದೆ ಎಂದು ಮೇಷ್ಟರು ವಿವರಿಸಿದರು. ಒಳದನಿಯೆಂದರೆ ಒಗಟಿನಂತೆ ಮಾತನಾಡುವುದು ಎಂದುಕೊಂಡ ಹೊಸಬರು ಇದನ್ನು ಕೇಳಲೇಬೇಕು.

ಆಮೇಲೆ ಅಭ್ಯಾಸ. ದೃಶ್ಯವನ್ನು ಮೊದಲು ಬಿಚ್ಚುಮಾತಿನಲ್ಲಿ ಬರೆಯಬೇಕು. ಎರಡನೆಯ ಬಾರಿ ಮುಖ್ಯ ಪದಕ್ಕೆ ನಿಷೇಧ, ಪಾತ್ರಗಳ ಕೈಗೆ ಒಂದು ಕೆಲಸ. ನನ್ನ ಪಕ್ಕ ಕುಳಿತಿದ್ದ ಯುವತಿ ಬರೆದದ್ದು, ಜಮೀನಿನ ಹಕ್ಕು ಬಿಡುಗಡೆ ಪತ್ರಕ್ಕೆ ತಂಗಿಯ ಸಹಿ ಹಾಕಿಸಿಕೊಳ್ಳಲು ಅಣ್ಣ ಬರುವ ದೃಶ್ಯ. ‘ಸಹಿ’, ‘ಪಾಲು’ ಎರಡೂ ನಿಷಿದ್ಧ. ಅಣ್ಣ ಹಲಸಿನ ಹಣ್ಣು ಹೊತ್ತು ತಂದಿದ್ದಾನೆ. ತಂಗಿ ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸುತ್ತಿದ್ದಾಳೆ.

“ಹಿತ್ತಿಲ ಮರ ಈಗಲೂ ಇಷ್ಟು ಚೆನ್ನಾಗಿ ಬಿಡುತ್ತದೆಯೇ ಅಣ್ಣ?”

“ಏನೋ ಬಿಡುತ್ತದಮ್ಮ. ನೋಡಿಕೊಳ್ಳುವವನು ನಾನೊಬ್ಬನೇ.”

“ಅಪ್ಪ ಇದ್ದಾಗ ಮೊದಲ ಹಣ್ಣು ನನಗೇ ಕೊಡುತ್ತಿದ್ದರು.”

ಅಣ್ಣ ಚೀಲದಿಂದ ಕಾಗದ ತೆಗೆಯುತ್ತಾನೆ. ತಂಗಿ ಅಂಟು ಮೆತ್ತಿದ ಎರಡೂ ಕೈಗಳನ್ನು ಎತ್ತಿ ತೋರಿಸಿ, ಮತ್ತೊಂದು ತೊಳೆಗೆ ಕೈಹಾಕುತ್ತಾಳೆ. ಮೊದಲ ಬರಹದಲ್ಲಿ ಇದೇ ತಂಗಿ ಆಸ್ತಿಯ ಕಾನೂನನ್ನು ಅರ್ಧ ಪುಟ ಹೇಳಿದ್ದಳು. ಓದಿ ಮುಗಿಸಿದಾಗ ಕೋಣೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟರು ತಿದ್ದಿದ್ದು ಒಂದೇ: ಮಾತಿನ ಮುಂದೆ ಆವರಣದಲ್ಲಿದ್ದ ‘ನೋವು ನುಂಗುತ್ತಾ’ ಎಂಬುದನ್ನು ಹೊಡೆದುಹಾಕಿದರು. ಅದು ನಟಿಯ ಕೆಲಸ, ಹಲಸಿನ ಅಂಟು ಬರೆದ ಮೇಲೆ ಬೇರೆ ಸೂಚನೆ ಬೇಕಿಲ್ಲ. ನನ್ನ ಚಿತ್ರಕಥೆಯಲ್ಲಿ ಅಂಥ ಆವರಣಗಳು ಪುಟಪುಟಕ್ಕೂ ಇದ್ದವು. ಅಂದು ರಾತ್ರಿಯೇ ತೆಗೆದುಹಾಕಿದೆ.

ಭಾನುವಾರ ಸಪ್ಪೆ. ಬೆಳಿಗ್ಗೆಯೆಲ್ಲ ಹಾಲಿವುಡ್ ತುಣುಕುಗಳು, ಹಿಂದಿನ ಸಾಲಿಗೆ ಕೇಳಿಸದ ಸ್ಪೀಕರ್. ನನಗೆ ನಿಜವಾಗಿ ಬೇಸರವಾದದ್ದು ಸಂಸ್ಕೃತದ ಕಾವ್ಯಮೀಮಾಂಸಕ ಆನಂದವರ್ಧನನ ಹೆಸರೇ ಬಾರದಿದ್ದುದಕ್ಕೆ. ಕನ್ನಡ ಎಂ.ಎ. ಓದಿದವರಿಗೆಲ್ಲ ಪರಿಚಯವಿರುವ ಗಾಹೆಯೊಂದನ್ನು, ಅಂದರೆ ಪ್ರಾಕೃತ ಪದ್ಯವೊಂದನ್ನು, 9ನೆಯ ಶತಮಾನದಲ್ಲೇ ಅವನು ಧ್ವನಿಗೆ, ಅಂದರೆ ಹೇಳದೆಯೇ ಹೊಳೆಯುವ ಅರ್ಥಕ್ಕೆ, ಉದಾಹರಣೆಯಾಗಿ ಕೊಟ್ಟಿದ್ದಾನೆ: ಧಾರ್ಮಿಕನೇ, ಇನ್ನು ನಿಶ್ಚಿಂತೆಯಿಂದ ಓಡಾಡು, ನಿನ್ನನ್ನು ಕಾಡುತ್ತಿದ್ದ ನಾಯಿಯನ್ನು ಗೋದಾವರಿ ದಡದ ಪೊದೆಯ ಸಿಂಹ ಕೊಂದುಹಾಕಿತು. ತಾನು ನಲ್ಲನನ್ನು ಕಾಣುವ ಜಾಗಕ್ಕೆ ಆ ಧಾರ್ಮಿಕ ಕಾಲಿಡದಿರಲಿ ಎಂದು ಹೆಣ್ಣೊಬ್ಬಳು ಆಡುವ ಮಾತು ಅದು. ಬಾ ಎನ್ನುತ್ತಲೇ ಬರಬೇಡ ಎನ್ನುವ ಇಂಥ ಸಂಭಾಷಣೆ ಕೈಯಳತೆಯಲ್ಲಿರುವಾಗ ಕನ್ನಡದ ಬರಹಗಾರರಿಗೆ ಇಂಗ್ಲಿಷ್ ತುಣುಕುಗಳಷ್ಟನ್ನೇ ತೋರಿಸುವುದು ಸರಿಯಲ್ಲ.

ನೇರ ಮಾತೆಂದರೆ ದುರ್ಬಲ ಮಾತು ಎಂಬ ಮೇಷ್ಟರ ನಿಲುವನ್ನೂ ನಾನು ಒಪ್ಪುವುದಿಲ್ಲ. ಅಣ್ಣ ಬಸ್ ಹತ್ತಿದ ಮೇಲೆ ಆ ತಂಗಿ ಗಂಡನ ಮುಂದೆ “ನನ್ನ ಪಾಲು ಬಿಡುವುದಿಲ್ಲ” ಎಂದು ಒಮ್ಮೆ ಹೇಳಲೇಬೇಕು. ಅಷ್ಟು ಹೊತ್ತು ತಡೆದಿಟ್ಟದ್ದಕ್ಕೇ ಆ ಮಾತಿಗೆ ಬಲ ಬರುತ್ತದೆ.

ಬರೆಯುವ ಅಭ್ಯಾಸ ಇರುವವರು ಖಂಡಿತ ಹೋಗಿ; ಕೇಳಿ ಬರಲೆಂದಷ್ಟೇ ಹೋಗುವವರಿಗೆ ಈ ಶುಲ್ಕ ಜಾಸ್ತಿ. ಸಾಧ್ಯವಾದರೆ ನಿಮ್ಮದೇ ಚಿತ್ರಕಥೆಯ ಎರಡು ಪುಟ ಒಯ್ಯಿರಿ. ಭಾನುವಾರ ಊಟದ ನಂತರ ಮೇಷ್ಟರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ತಾಳ್ಮೆಯಿಂದ ತಿದ್ದಿಕೊಡುತ್ತಾರೆ.