ರೇಡಿಯೋ ಅಯೋಡಿನ್ ಚಿಕಿತ್ಸೆ: ಕೊಡಗಿನಿಂದ ಮೈಸೂರಿಗೆ ಹೋಗುವವರಿಗಾಗಿ ಒಂದು ವಿಮರ್ಶೆ

ಥೈರಾಯ್ಡ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ನನ್ನ ಅತ್ತಿಗೆ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ರೇಡಿಯೋ ಅಯೋಡಿನ್ ಚಿಕಿತ್ಸೆ, ಅಂದರೆ ವಿಕಿರಣ ಸೂಸುವ ಅಯೋಡಿನ್ನನ್ನೇ ಔಷಧವಾಗಿ ಕೊಡುವ ಚಿಕಿತ್ಸೆ ಪಡೆದರು. ಔಷಧದ ವಿಷಯದಲ್ಲಿ ನನಗೆ ಯಾವ ಸಂದೇಹವೂ ಉಳಿದಿಲ್ಲ. ವಾರ್ಡಿನ ವ್ಯವಸ್ಥೆಯೂ ಚೆನ್ನಾಗಿತ್ತು. ಆದರೆ ವಿರಾಜಪೇಟೆಯಾಚೆಯ ಹಳ್ಳಿಯೊಂದರ ಕೂಡುಕುಟುಂಬದಿಂದ ಬಂದ ರೋಗಿ ಮೊದಲೇ ತಿಳಿದಿರಬೇಕಾದ ಸಂಗತಿಗಳನ್ನು ಆಸ್ಪತ್ರೆ ತಡವಾಗಿ, ಅದೂ ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆಯಲ್ಲಿ ಕೊಟ್ಟಿತು.

ವಿಕಿರಣವೆಂದರೆ ಹೆದರುವ ಹಿರಿಯರು ನಮ್ಮ ಮನೆಯಲ್ಲೂ ಇದ್ದಾರೆ. ಅವರಿಗಾಗಿ ಈ ಔಷಧದ ಹಿನ್ನೆಲೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. 1936ರ ನವೆಂಬರಿನಲ್ಲಿ ಭೌತವಿಜ್ಞಾನಿ ಕಾರ್ಲ್ ಕಾಂಪ್ಟನ್ ಬಾಸ್ಟನ್ನಿನಲ್ಲಿ ನೀಡಿದ ಉಪನ್ಯಾಸವನ್ನು ಕೇಳಿದ ಯುವ ವೈದ್ಯ ಸಾಲ್ ಹರ್ಟ್ಜ್, ಅಯೋಡಿನ್ನನ್ನು ಕೃತಕವಾಗಿ ವಿಕಿರಣಶೀಲವಾಗಿಸಲು ಸಾಧ್ಯವೇ ಎಂದು ಕೇಳಿದರು. ಥೈರಾಯ್ಡ್ ಗ್ರಂಥಿಯು ರಕ್ತದಲ್ಲಿರುವ ಅಯೋಡಿನ್ನನ್ನು ತಾನಾಗಿ ಹೀರಿಕೊಳ್ಳುವುದರಿಂದ ಔಷಧವನ್ನು ಗ್ರಂಥಿಯೇ ತನ್ನೊಳಗೆ ಕರೆದುಕೊಳ್ಳುತ್ತದೆ ಎಂಬುದು ಅವರ ಎಣಿಕೆಯಾಗಿತ್ತು. ಭೌತವಿಜ್ಞಾನಿ ಆರ್ಥರ್ ರಾಬರ್ಟ್ಸ್ ಜೊತೆಗೂಡಿ ಮೊದಲು ಮೊಲಗಳ ಮೇಲೆ ಪ್ರಯೋಗ ನಡೆಸಿ, 1941ರಲ್ಲಿ ಅತಿಯಾಗಿ ಕೆಲಸ ಮಾಡುವ ಥೈರಾಯ್ಡ್‌ನಿಂದ ಬಳಲುತ್ತಿದ್ದ ರೋಗಿಗೆ ಅವರು ಇದನ್ನು ಕೊಟ್ಟರು. ಎಷ್ಟು ಅಯೋಡಿನ್ ದೇಹದಲ್ಲಿ ಉಳಿಯಿತು, ಎಷ್ಟು ಮೂತ್ರದಲ್ಲಿ ಹೋಯಿತು ಎಂಬುದನ್ನು ಅವರು ಅಳೆಯುತ್ತಿದ್ದರು. ಥೈರಾಯ್ಡ್ ಕ್ಯಾನ್ಸರ್ ದೇಹದ ಬೇರೆ ಭಾಗಗಳಿಗೆ ಹರಡಿದ್ದ ರೋಗಿಯೊಬ್ಬರಿಗೆ ಈ ಚಿಕಿತ್ಸೆ ಫಲಿಸಿದ್ದನ್ನು ಸ್ಯಾಮ್ಯುಯೆಲ್ ಸೀಡ್ಲಿನ್ ಮತ್ತು ಸಂಗಡಿಗರು 1946ರಲ್ಲಿ ವರದಿ ಮಾಡಿದರು. ಹರ್ಟ್ಜ್ 1950ರಲ್ಲಿ, ಕೇವಲ 45ನೆಯ ವಯಸ್ಸಿನಲ್ಲಿ ತೀರಿಕೊಂಡರು. ಇಷ್ಟು ಚಿಕ್ಕ ವೃತ್ತಿಜೀವನದಲ್ಲಿ ಇಷ್ಟು ಜನರಿಗೆ ಬದುಕು ಕೊಟ್ಟ ವಿಜ್ಞಾನಿಯ ಹೆಸರು ನಮ್ಮಲ್ಲಿ ಹೆಚ್ಚು ಮಂದಿಗೆ ಗೊತ್ತಿಲ್ಲದಿರುವುದು ನನಗೆ ನೋವಿನ ಸಂಗತಿ.

ಇಂದು ಬಳಸುವ ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ಅದರ ವಿಕಿರಣಶೀಲತೆ ಅರ್ಧಕ್ಕೆ ಇಳಿಯಲು ಬೇಕಾಗುವ ಸಮಯ, ಸುಮಾರು 8 ದಿನ. ಅದರ ಬೀಟಾ ಕಣಗಳು ಅಂಗಾಂಶದೊಳಗೆ ಹೆಚ್ಚೆಂದರೆ 2 ಮಿಲಿಮೀಟರಿನಷ್ಟು ದೂರ ಸಾಗಿ ಅಲ್ಲಿಯ ಕೋಶಗಳನ್ನು ನಾಶಮಾಡುತ್ತವೆ. ಹೊರಗೆ ಬರುವ ಗಾಮಾ ಕಿರಣಗಳಿಂದ ಔಷಧ ಎಲ್ಲೆಲ್ಲಿ ಸೇರಿದೆ ಎಂಬುದು ಸ್ಕ್ಯಾನಿನಲ್ಲಿ ಕಾಣುತ್ತದೆ. ಆ ಗಾಮಾ ಕಿರಣಗಳಿಂದಲೇ ರೋಗಿ ಕೆಲವು ದಿನ ಪ್ರತ್ಯೇಕ ಕೋಣೆಯಲ್ಲಿರಬೇಕಾಗುತ್ತದೆ. ಅತ್ತಿಗೆಯಿದ್ದ ಕೋಣೆ ಸ್ವಚ್ಛವಾಗಿತ್ತು, ಅಲ್ಲಿನ ಶೌಚಾಲಯದ ನೀರು ವಿಕಿರಣ ತಗ್ಗುವವರೆಗೆ ಬೇರೆ ತೊಟ್ಟಿಯಲ್ಲಿ ನಿಲ್ಲುವ ಏರ್ಪಾಡಿತ್ತು, ದಾದಿಯರು ದೂರದಿಂದಲೇ ಆದರೂ ಅಕ್ಕರೆಯಿಂದ ಮಾತನಾಡಿಸುತ್ತಿದ್ದರು.

ತೊಂದರೆಯಾದದ್ದು ಅದಕ್ಕೂ ಮೊದಲು. ಚಿಕಿತ್ಸೆಗೆ ಒಂದೆರಡು ವಾರ ಮುಂಚೆಯೇ ಅಯೋಡಿನ್ ಕಡಿಮೆಯಿರುವ ಆಹಾರ ತೆಗೆದುಕೊಳ್ಳಬೇಕು. ಇಲ್ಲದಿದ್ದರೆ ಶಸ್ತ್ರಚಿಕಿತ್ಸೆಯ ನಂತರವೂ ಉಳಿದಿರುವ ಥೈರಾಯ್ಡ್ ಕೋಶಗಳು ಉಪ್ಪಿನ ಅಯೋಡಿನ್ನಿನಿಂದಲೇ ತುಂಬಿಕೊಂಡು ಔಷಧವನ್ನು ಸರಿಯಾಗಿ ಹೀರುವುದಿಲ್ಲ. ಮಳೆಗಾಲಕ್ಕೆಂದು ಒಣಮೀನು ಕೂಡಿಟ್ಟಿರುವ ಮನೆಗೆ ಇದು ಸಣ್ಣ ಮಾತಲ್ಲ. ಮೀನು, ಹಾಲು, ಮೊಟ್ಟೆಯ ಹಳದಿ, ಹೊರಗಿನ ತಿಂಡಿ ಬಿಡಬೇಕು. ಕಡಂಬುಟ್ಟು, ಅಕ್ಕಿ ರೊಟ್ಟಿ, ಮನೆಯಲ್ಲೇ ಮಾಡಿದ ಪಂದಿಕರಿಗೆ ಅಡ್ಡಿಯಿಲ್ಲ, ಅಯೋಡಿನ್ ಬೆರೆಸದ ಉಪ್ಪು ಹಾಕಿದ್ದರೆ. ಅಂಥ ಉಪ್ಪನ್ನು ಊಟಕ್ಕೆಂದು ಮಾರಲು ಕಾನೂನಿನ ನಿರ್ಬಂಧವಿರುವುದರಿಂದ ಅದು ಪೇಟೆಯಲ್ಲಿ ಕೇಳಿದ ಕೂಡಲೇ ಸಿಗುವುದಿಲ್ಲ. ಎಲ್ಲಿ ಸಿಗುತ್ತದೆಂದು ಆಸ್ಪತ್ರೆಯೇ ಹೇಳಬೇಕಿತ್ತು.

ಮನೆಗೆ ಮರಳಿದ ಮೇಲಿನ ಸೂಚನೆಗಳಲ್ಲೂ ಇದೇ ಕೊರತೆ. ಮಕ್ಕಳಿಂದ ಮತ್ತು ಗರ್ಭಿಣಿಯರಿಂದ ಎಷ್ಟು ದಿನ ದೂರವಿರಬೇಕು, ಬಟ್ಟೆ ಪಾತ್ರೆಗಳನ್ನು ಹೇಗೆ ತೊಳೆಯಬೇಕು, ಒಂದೇ ಶೌಚಾಲಯವಿರುವ ಮನೆಯಲ್ಲಿ ಏನು ಮಾಡಬೇಕು ಎಂಬುದನ್ನು ನಾವಾಗಿ ಕೇಳಿದ ಮೇಲೆ ವೈದ್ಯರು ತಾಳ್ಮೆಯಿಂದ ವಿವರಿಸಿದರು. ಗೋಣಿಕೊಪ್ಪ, ಹುಣಸೂರು ದಾರಿಯ ತುಂಬಿದ ಬಸ್ಸಿನಲ್ಲಿ ಬರುವ ಬದಲು ಕಾರು ಗೊತ್ತುಮಾಡಿ, ರೋಗಿಯನ್ನು ಹಿಂದಿನ ಸೀಟಿನಲ್ಲಿ ಒಬ್ಬರನ್ನೇ ಕೂರಿಸಿ ಎಂದದ್ದೂ ಅವರೇ.

ಈ ಚಿಕಿತ್ಸೆಯನ್ನು ವೈದ್ಯರು ಸೂಚಿಸಿದ್ದರೆ ಹೆದರಿ ಮುಂದೂಡಬೇಡಿ. ದಿನ ಗೊತ್ತುಮಾಡುವಾಗಲೇ ಮನೆಯಲ್ಲಿರುವ ಮಕ್ಕಳ ವಯಸ್ಸು, ಕೋಣೆಗಳ ಅನುಕೂಲ, ಥೈರಾಯ್ಡ್ ಮಾತ್ರೆ ನಿಲ್ಲಿಸಬೇಕೇ ಎಂಬ ಪ್ರಶ್ನೆ ಎಲ್ಲವನ್ನೂ ಮುಂದಿಟ್ಟು ಕನ್ನಡದಲ್ಲಿ ಬರೆಸಿಕೊಳ್ಳಿ. ಎದೆಹಾಲು ಕುಡಿಸುತ್ತಿರುವ ತಾಯಂದಿರು ಅದನ್ನು ಮೊದಲ ಭೇಟಿಯಲ್ಲೇ ಹೇಳಲೇಬೇಕು, ಏಕೆಂದರೆ ಹಾಲೂಡಿಸುವುದನ್ನು ಚಿಕಿತ್ಸೆಗೆ ಹಲವು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ.