ಮಸೂದೆಗೆ ಆಕ್ಷೇಪ ಬರೆಯುವ ಕಿಟಕಿಗಳು: ಕಾಸರಗೋಡಿನಿಂದ ಯಾವುದಕ್ಕೆ ಹೋದರೆ ಕೆಲಸವಾದೀತು?

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡಿಗರಿಗೆ ಕಾನೂನು ಬರುವುದು ಒಂದೋ ತಿರುವನಂತಪುರದಿಂದ ಮಲಯಾಳದಲ್ಲಿ, ಇಲ್ಲವೇ ದೆಹಲಿಯಿಂದ ಹಿಂದಿ, ಇಂಗ್ಲಿಷಿನಲ್ಲಿ. ಅದು ಕಾಯಿದೆಯಾಗುವ ಮುಂಚೆ ಆಕ್ಷೇಪ ಹೇಳಲಿಕ್ಕೆ ಕಿಟಕಿಗಳು ಇಲ್ಲದಿಲ್ಲ. ಆದರೆ ಒಂದೊಂದರ ಭಾಷೆ ಬೇರೆ, ನಮೂನೆ ಬೇರೆ. ಒಂದೇ ಮನವಿಯನ್ನು ಹತ್ತು ಜೆರಾಕ್ಸ್ ಮಾಡಿಸಿ ಎಲ್ಲ ಕಡೆಗೂ ಕಳಿಸುವ ನಮ್ಮ ಸಂಘಗಳ ರೂಢಿಯಿಂದ ಅಂಚೆಯವರಿಗೆ ಮಾತ್ರ ಲಾಭ.

ಸಚಿವಾಲಯಗಳ ಕರಡು ಪ್ರಕಟಣೆಗೆ ಐದರಲ್ಲಿ ಎರಡು ಅಂಕ ಕೊಡಬಹುದು. ಕರಡು ಮಸೂದೆಯನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಬಂದ ಅಭಿಪ್ರಾಯಗಳ ಸಾರಾಂಶವನ್ನು ವೆಬ್‌ಸೈಟಿನಲ್ಲಿ ಹಾಕಬೇಕು ಎಂದು ಕೇಂದ್ರದ 2014ರ ಪೂರ್ವಶಾಸನ ಸಮಾಲೋಚನಾ ನೀತಿ ಹೇಳುತ್ತದೆ. ಅದು ನೀತಿ ಮಾತ್ರ, ಕಾನೂನಲ್ಲ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕರಡು ನಿಯಮಗಳು 2025ರ ಜನವರಿಯಲ್ಲಿ ಹೊರಬಂದಾಗ ಅಭಿಪ್ರಾಯವನ್ನು ಕೇಂದ್ರ ಸರಕಾರದ ಮೈಗವ್ ತಾಣದಲ್ಲಿ ನಿಯಮವಾರು ತುಂಬಬೇಕಿತ್ತು. ತುಂಬಿದ್ದನ್ನು ಯಾರಿಗೂ ತೋರಿಸುವುದಿಲ್ಲ ಎಂದು ಮೊದಲೇ ಹೇಳಿದ್ದರು. ಹಾಗಾಗಿ ಅಲ್ಲಿ ಬರೆದದ್ದರ ಒಂದು ಪ್ರತಿಯನ್ನು ಪಿಡಿಎಫ್ ಮಾಡಿ ನೀವೇ ಇಟ್ಟುಕೊಳ್ಳಬೇಕು. ಭಾಷೆಯ ವಿಷಯದಲ್ಲಿ ಕೈಹಿಡಿದದ್ದು ಕೋರ್ಟುಗಳೇ. ಪರಿಸರ ಪರಿಣಾಮ ಅಂದಾಜಿನ 2020ರ ಕರಡನ್ನು ಸಂವಿಧಾನದ 22 ಭಾಷೆಗಳಿಗೂ ಅನುವಾದಿಸಿ ಎಂದು ದೆಹಲಿ ಹೈಕೋರ್ಟ್ ಜೂನ್ 30ರಂದು ಹೇಳಿತು. ಕನ್ನಡದಲ್ಲಿ ಸರಿಯಾಗಿ ಪ್ರಚಾರವಾಗಿಲ್ಲವೆಂಬ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆಗೇ ತಡೆ ಕೊಟ್ಟಿತು. ಕನ್ನಡ ಪ್ರತಿ ಕೇಳುವ ಪತ್ರದಲ್ಲಿ ಈ ಎರಡನ್ನೂ ನಮೂದಿಸಿ.

ಸಂಸತ್ತಿನ ಸಮಿತಿಗಳದ್ದು ಇದಕ್ಕಿಂತ ಗಟ್ಟಿ ಕಿಟಕಿ. ಮಸೂದೆ ಸ್ಥಾಯಿ ಸಮಿತಿಗೋ ಜಂಟಿ ಸಮಿತಿಗೋ ಹೋದರೆ ಪತ್ರಿಕೆಯಲ್ಲಿ ಜಾಹೀರಾತು ಬರುತ್ತದೆ, ಗಡುವು ಸಾಮಾನ್ಯವಾಗಿ 15 ದಿನ. ಮನವಿ ಎರಡು ಪ್ರತಿ ಬೇಕು, ಹಿಂದಿ ಅಥವಾ ಇಂಗ್ಲಿಷಿನಲ್ಲೇ ಇರಬೇಕು. ಖುದ್ದಾಗಿ ಹಾಜರಾಗಿ ಹೇಳುವ ಇಚ್ಛೆಯಿದ್ದರೆ ಅದನ್ನೂ ಅದರಲ್ಲೇ ಬರೆಯಬೇಕು. ಇಲ್ಲಿ ಬಹಳ ಮಂದಿ ಎಡವುವ ಒಂದು ಕಲ್ಲಿದೆ: ಸಲ್ಲಿಸಿದ ಮನವಿ ಸಮಿತಿಯ ಗೋಪ್ಯ ದಾಖಲೆಯಾಗುತ್ತದೆ. ಅದನ್ನೇ ಮರುದಿನ ಫೇಸ್‌ಬುಕ್ಕಿಗೆ ಹಾಕಿದರೆ ಹಕ್ಕುಚ್ಯುತಿಯ ಮಾತು ಬರಬಹುದು. ಪತ್ರಿಕೆಗೆ ಕೊಡುವ ಲೇಖನ ಬೇರೆಯೇ ಇರಲಿ.

ಸಂವಿಧಾನದ 350ನೇ ವಿಧಿ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ. ಕೇಂದ್ರದ ಯಾವುದೇ ಅಧಿಕಾರಿಗೆ ದೇಶದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ, ರಾಜ್ಯದ ಅಧಿಕಾರಿಗೆ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಅಹವಾಲು ಕೊಡಬಹುದು. ಆದರೆ ಅದು ಕುಂದುಕೊರತೆಯ ಮಾತು. ಮಸೂದೆಯ ಮೇಲಿನ ಸಲಹೆಯನ್ನು ಸಮಿತಿ ಆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕನ್ನಡದ ಮೂಲದ ಜೊತೆ ಸಹಿ ಮಾಡಿದ ಇಂಗ್ಲಿಷ್ ಅನುವಾದ ಇಟ್ಟರೆ ತಕರಾರು ತಪ್ಪುತ್ತದೆ.

ಅನುವಾದವನ್ನು ಯಂತ್ರಕ್ಕೆ ಬಿಟ್ಟರೆ ಒಂದು ಜಾಗದಲ್ಲಿ ಬೆರಳಿಟ್ಟು ನೋಡಿ. 'ವಾರಂಟ್ ತೋರಿಸತಕ್ಕದ್ದು' ಎಂದರೆ ಕಡ್ಡಾಯ, 'ತೋರಿಸಬಹುದು' ಎಂದರೆ ಅಧಿಕಾರಿಯ ಮರ್ಜಿ. ಇಡೀ ಆಕ್ಷೇಪ ಈ ವ್ಯತ್ಯಾಸದ ಮೇಲೆ ನಿಂತಿರುತ್ತದೆ. ಮನವಿಯನ್ನು ಭಾಷಣದಂತೆ ಬರೆಯದೆ ನಾಲ್ಕು ಕಾಲಂ ಹಾಕಿ: ಖಂಡದ ಸಂಖ್ಯೆ, ಈಗಿರುವ ಪದಗಳು, ಬದಲಿಗೆ ಬೇಕಾದ ಪದಗಳು, ಎರಡು ಸಾಲಿನ ಕಾರಣ. 'ಇಡೀ ಮಸೂದೆ ಕೈಬಿಡಿ' ಎಂಬುದು ಕೊನೆಯ ಸಾಲಿನಲ್ಲಿರಲಿ. ಮೊದಲಲ್ಲೇ ಬರೆದರೆ ಉಳಿದದ್ದನ್ನು ಯಾರೂ ಓದುವುದಿಲ್ಲ.

ತಿರುವನಂತಪುರದ ಕಿಟಕಿಯಲ್ಲಿ ಕನ್ನಡ ನಡೆಯುತ್ತದೆ, ಕಾಗದದ ಮೇಲಾದರೂ. ತಮಿಳು, ಕನ್ನಡ ಅಲ್ಪಸಂಖ್ಯಾತರು ಸೆಕ್ರೆಟರಿಯೇಟಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಕೇರಳದ 1969ರ ಆಡಳಿತ ಭಾಷಾ ಕಾಯಿದೆ ಹೇಳುತ್ತದೆ. ಪತ್ರದ ತಲೆಯಲ್ಲೇ ಆ ಕಾಯಿದೆಯ ಹೆಸರು ಬರೆಯಿರಿ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಹಾಗೇ ಮೇಲ್ ಮಾಡಬೇಡಿ. ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡವೆಲ್ಲ ತಲೆಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯೂನಿಕೋಡಿಗೆ ಬದಲಿಸಿ ಪಿಡಿಎಫ್ ಮಾಡಿ.

ಈ ಕಿಟಕಿಯ ದೊಡ್ಡ ದೋಷವೆಂದರೆ ಸುಗ್ರೀವಾಜ್ಞೆ. ಶಾಲೆಗಳಲ್ಲಿ ಮಲಯಾಳ ಕಡ್ಡಾಯವಾದದ್ದು 2017ರ ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆಯಿಂದಲೇ. ಆಕ್ಷೇಪಕ್ಕೆ ದಿನವೇ ಸಿಗಲಿಲ್ಲ, ಇಲ್ಲಿ ಬೀದಿಗಿಳಿಯಬೇಕಾಯಿತು. ಅವಹೇಳನಕಾರಿ ಬರಹಗಳಿಗೆ ಶಿಕ್ಷೆ ಹೇಳುವ 118ಎ ಕಲಮನ್ನು ಕೇರಳ ಪೊಲೀಸ್ ಕಾಯಿದೆಗೆ ಸೇರಿಸಿದ 2020ರ ನವೆಂಬರಿನ ಸುಗ್ರೀವಾಜ್ಞೆಯೂ ಹಾಗೇ ಬಂತು, ಕೆಲವೇ ದಿನಗಳಲ್ಲಿ ಹಿಂದೆ ಹೋಯಿತು. ಅದೇ ಕಾಯಿದೆಯ 118(ಡಿ) ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಜೊತೆಗೇ ರದ್ದು ಮಾಡಿತ್ತು. ಅದನ್ನು ನೆನಪಿಸುವ ಒಂದು ಪುಟದ ಟಿಪ್ಪಣಿ ನೂರು ಘೋಷಣೆಗಿಂತ ಹೆಚ್ಚು ತೂಗುತ್ತದೆ.

ಶಾಸನಗಳ ಅಧ್ಯಯನ ನಡೆಸುವ ದೆಹಲಿಯ ಪಿಆರ್‌ಎಸ್ ಸಂಸ್ಥೆಯ ಮಸೂದೆ ಸಾರಾಂಶಗಳು ಉಚಿತ, ನಂಬಬಹುದು, ಕನ್ನಡದಲ್ಲಿಲ್ಲ. ನಾಲ್ಕು ಅಂಕ.

ಪೂರ್ತಿ ಕಾಸು ವಸೂಲಾಗುವುದು ಮಾಹಿತಿ ಹಕ್ಕಿನ ಹತ್ತು ರೂಪಾಯಿಯಲ್ಲಿ. ಆದರೆ ಆ ಹತ್ತು ರೂಪಾಯಿ ಕಟ್ಟುವುದರಲ್ಲೇ ಎಷ್ಟೋ ಅರ್ಜಿಗಳು ಬೀಳುತ್ತವೆ. ಕೇರಳ ಸರಕಾರದ ಕಚೇರಿಗಾದರೆ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ, ಪೋಸ್ಟಲ್ ಆರ್ಡರ್ ನಡೆಯುವುದಿಲ್ಲ. ಕೇಂದ್ರದ್ದಕ್ಕೆ ತದ್ವಿರುದ್ಧ: ಪೋಸ್ಟಲ್ ಆರ್ಡರ್ ಸರಿ, ಸ್ಟ್ಯಾಂಪ್ ಇಲ್ಲ. ಕೇಂದ್ರದ ಆನ್‌ಲೈನ್ ಪೋರ್ಟಲಿನಲ್ಲಿ ರಾಜ್ಯದ ಇಲಾಖೆಗೆ ಅರ್ಜಿ ಹಾಕಿದರೆ ಅರ್ಜಿ ವಾಪಸ್, ಹಣ ಮಾತ್ರ ವಾಪಸಿಲ್ಲ. ಬರೆಯುವ ಪೆಟ್ಟಿಗೆಯಲ್ಲಿ 3000 ಅಕ್ಷರ ಮಾತ್ರ ಹಿಡಿಯುತ್ತದೆ. ಕನ್ನಡ ಬಿಡಿ, ರೂಪಾಯಿ ಚಿಹ್ನೆಯನ್ನೂ ವರ್ಡ್‌ನಿಂದ ಬಂದ ಬಾಗಿದ ಉದ್ಧರಣ ಚಿಹ್ನೆಯನ್ನೂ ಅದು ಒಪ್ಪುವುದಿಲ್ಲ. ಅಕ್ಷಯ ಕೇಂದ್ರದಲ್ಲಿ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) 'ಸೈಟ್ ಹ್ಯಾಂಗ್ ಆಗಿದೆ' ಎಂದರೆ ಮೊದಲು ಆ ಚಿಹ್ನೆಗಳನ್ನು ಅಳಿಸಿ ನೋಡಿ.

'ಈ ಮಸೂದೆ ಯಾಕೆ ತಂದಿರಿ?' ಎಂದು ಕೇಳಬೇಡಿ, 'ಯಾಕೆ' ಎಂಬುದು ಮಾಹಿತಿಯಲ್ಲ ಎಂದು ತಿರುಗಿ ಬರುತ್ತದೆ. ಕರಡಿಗೆ ಬಂದ ಆಕ್ಷೇಪಗಳ ಸಂಖ್ಯೆ, ಅವುಗಳ ಸಾರಾಂಶದ ಪ್ರತಿ, ಕಡತದ ಟಿಪ್ಪಣಿ ಹಾಳೆಗಳು, ಕನ್ನಡ ಅನುವಾದಕ್ಕೆ ಆದೇಶವಾಗಿದ್ದರೆ ಅದರ ಪ್ರತಿ ಎಂದು ಬಿಡಿಬಿಡಿಯಾಗಿ ಕೇಳಿ. ಸಂಪುಟದ ಮುಂದಿರುವ ಕಾಗದಕ್ಕೆ ವಿನಾಯಿತಿಯಿದೆ, ಆದ್ದರಿಂದ ಮಸೂದೆ ಮಂಡನೆಯಾದ ಮೇಲೆ ಅರ್ಜಿ ಹಾಕುವುದೇ ಜಾಣತನ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಕೇಂದ್ರದಲ್ಲಿ ಅದಕ್ಕೆ ಶುಲ್ಕವಿಲ್ಲ, ಅರ್ಜಿಯ ನೋಂದಣಿ ಸಂಖ್ಯೆ ಕೈಯಲ್ಲಿರಲಿ.